ಈಗೇನ್ ಅಡ್ಡಿ ಇಲ್ಲ

೧೪ ಮಾರ್ಚ್ ೨೦೧೬, ಸೋಮವಾರ. ಆಲ್ಮೆರೆ, ನೆದರ್ಲೆಂಡ್ಸ್.

ಅತ್ತೆಯ ಆ ಒಂದು ಮಾತು ಕಿವಿಯಿಂದ ಹೋಗುತ್ತಿಲ್ಲ.

ಸೇಶೆಲ್ಸ್‌ನಲ್ಲಿ ಹಾಯಿದೋಣಿ ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ಹೋಗುವ ಆಸೆಯನ್ನು ಚಳಿಗಾಲದಲ್ಲೇ ಕೈಬಿಟ್ಟಿದ್ದೆವು. ನಾನು ಬಸುರಿ ಎಂದು ತಿಳಿದ ದಿನವೇ ಧಾರವಾಡದಿಂದ ಅತ್ತೆ ಹೇಳಿದ್ದರು: "ಹೆಂಡ್ತಿ ಬಸುರಿದ್ದಾಗ ಗಂಡ ಸಮುದ್ರಕ್ಕ ಇಳೀಬಾರ್ದು. ಗಡ್ಡಾನೂ ತಗೀಬಾರ್ದು." ಇಂಥದ್ದಕ್ಕೆಲ್ಲ ನಗುವ ವಿಜಯೇಂದ್ರ ಎರಡನ್ನೂ ಚಾಚೂ ತಪ್ಪದೆ ಪಾಲಿಸಿದ. ಹೂಫ್‌ಡಾರ್ಪ್ ಆಫೀಸಿನವರು ಅವನನ್ನು ಸನ್ಯಾಸಿ ಎಂದು ಕರೆಯತೊಡಗಿದ್ದರು.

ಮಗು ಹೊಟ್ಟೆಯಲ್ಲೇ ಹೋಗಿ ತಿಂಗಳಾಯಿತು.

ಇವತ್ತು ಫೋನಿನಲ್ಲಿ ಅತ್ತೆ ತಾವಾಗಿಯೇ ಅಂದರು: "ಇಬ್ರೂ ಆ ದೋಣಿ ಪ್ರವಾಸ ಮಾಡಿ ಬರ್ರಿ, ಮನಸ್ಸು ಹಗುರಾಗ್ತದ. ಈಗೇನ್ ಅಡ್ಡಿ ಇಲ್ಲಲ್ಲ." ಒಳ್ಳೆಯ ಮನಸ್ಸಿನಿಂದಲೇ ಅಂದರು. ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ, ಅದೇ ಸಂಕಟ.

ಊಟವಾದ ಮೇಲೆ ವಿಜಯೇಂದ್ರ ಸೇಶೆಲ್ಸ್‌ನ ನಕ್ಷೆಯನ್ನು ಮತ್ತೆ ಮೇಜಿನ ಮೇಲೆ ಹರಡಿದ. ಅಕ್ಟೋಬರ್‌ನಲ್ಲಿ ಗಾಳಿ ಮೆತ್ತಗಿರುತ್ತದಂತೆ.

"ಸ್ಕಿಪ್ಪರ್ ಬೇಕೇನು, ಇಲ್ಲಾ ನಾನ ನಡಸ್ಲೇನು?"

"ನೀನ ನಡಸು" ಅಂದೆ.

ಒಂದೊಂದೇ ದ್ವೀಪದ ಮೇಲೆ ಬೆರಳಿಟ್ಟು ತೋರಿಸಿದ. ನಾನು ನಕ್ಷೆ ಬಿಟ್ಟು ಅವನ ಮುಖ ನೋಡುತ್ತಿದ್ದೆ. ಗಡ್ಡವನ್ನು ಅವನು ಇನ್ನೂ ತೆಗೆದಿಲ್ಲ. ತೆಗೆ ಎಂದು ನಾನೂ ಹೇಳಿಲ್ಲ.