ಪೆನ್ಸಿಲ್ಲಿನ ಎಂಟನೆಯ ಚೌಕ

ಹನಿಬಲೆ ಕಂಪನಿಯ ಮೂಡಣ ಅಗಸಿಯಿಂದ,
ಇಸವಿ ಎರಡು ಸಾವಿರದ ಮುನ್ನೂರ ಆರು,
ಹನಿಗಾಲದ ನಲವತ್ತೊಂದನೆಯ ದಿನ, ಊಟದ ನಂತರ.

ತಾಯಿ ಶೈಲಜಾ,

ತಾರೀಖು ನೋಡಿ ಗಾಬರಿಯಾಗಬೇಡ, ಕೈತಪ್ಪಿ ಬರೆದದ್ದಲ್ಲ. ನಾನು ಹಾಲವ್ವ, ನಿನ್ನಿಂದ ಒಂಬತ್ತನೆಯ ತಲೆಯವಳು. ನನಗೀಗ ಎಂಬತ್ತೆರಡು. ಈ ಕಾಗದ ಕೈಸೇರುವ ಹೊತ್ತಿಗೆ ನಿನಗೆ ನಲವತ್ತಾರು. ಹಾಗಾಗಿ ನೀನು ನನಗೆ ಮುತ್ತಜ್ಜಿಯ ಮುತ್ತಜ್ಜಿಗಿಂತ ಹಿರಿಯಳೂ ಹೌದು, ಮಗಳ ವಯಸ್ಸಿನವಳೂ ಹೌದು. ಏನೆಂದು ಕರೆಯಲಿ ಎಂದು ತುಸು ಹೊತ್ತು ಯೋಚಿಸಿದೆ. ನಮ್ಮ ಕಡೆ ಹಡೆದವ್ವನಿಗೆ 'ನೀನು' ಅನ್ನುವ ರೂಢಿ ಇನ್ನೂ ಅಳಿದಿಲ್ಲ. ಅದೇ ಸಲಿಗೆಯಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾತು ಅಲ್ಲಲ್ಲಿ ತೊಡಕೆನಿಸಿದರೆ ಕ್ಷಮಿಸು. ಶಾಲೆಗೆ ಹೋದವಳಲ್ಲ ನಾನು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಬೀಜದ ಪೊಟ್ಟಣಗಳನ್ನೂ ಔಷಧಿ ಡಬ್ಬಿಗಳನ್ನೂ ಓದಿ ಕಲಿತೆ. ನಡುವೆ ಎಲ್ಲಾದರೂ "ಮಕ್ಕಳ ಕೈಗೆ ಸಿಗದಂತೆ ಇಡಿ" ಎಂಬ ಧಾಟಿ ನುಸುಳಿದರೆ ನಕ್ಕುಬಿಡು.

ನೀನು ನಡೆಸುವ ನೆರಳುಬಲೆಯ ಕಂಪನಿ ಇನ್ನೂ ಬದುಕಿದೆ. ಮೊದಲು ಈ ಸುದ್ದಿ ಹೇಳಬೇಕಿತ್ತು. ನಿನ್ನ ಹಸಿರು ಬಲೆ ಸಸಿಗಳ ಮೇಲೆ ಬಿಸಿಲನ್ನು ಸೋಸುತ್ತಿತ್ತು. ನಮ್ಮದು ಮೋಡವನ್ನು ಸೋಸುತ್ತದೆ. ಕಪ್ಪತಗುಡ್ಡದ ಉದ್ದಕ್ಕೂ ಬಲೆ ಕಟ್ಟಿದ್ದೇವೆ. ಬೆಳಗಿನ ಜಾವ ನೋಡಿದರೆ ಇಡೀ ಗುಡ್ಡ ಸೊಳ್ಳೆಪರದೆಯೊಳಗೆ ಮಲಗಿದ ಮುದುಕನ ಹಾಗೆ ಕಾಣುತ್ತದೆ, ಉಸಿರಾಡಿದಂತೆಯೂ ತೋರುತ್ತದೆ. ಪಡುವಣ ಕಡಲಿನಿಂದ ಬಂದ ಮಂಜು ಎಳೆಎಳೆಗೂ ತಗುಲಿ, ಹನಿಯಾಗಿ, ಕಾಲುವೆಗೆ ಇಳಿದು, ನೂರಾರು ಊರಿಗೆ ಹೋಗುತ್ತದೆ. ಹನ್ನೊಂದು ಸಾವಿರ ಮಂದಿ ಇಲ್ಲಿ ದುಡಿಯುತ್ತಾರೆ. ಆಳುಗಳಿಗೆ ಹಾಜರಿ ಇಲ್ಲ, ಮೋಡಗಳಿಗೆ ಇದೆ. ಬೆಳಗಾಗುತ್ತಲೇ ಗುಮಾಸ್ತನೊಬ್ಬ ಗುಡ್ಡದ ನೆತ್ತಿಗೆ ಹತ್ತಿ, ಬಂದ ಮೋಡಗಳ ಹೆಸರು ಕೂಗುತ್ತಾನೆ: ಹತ್ತಿಗಂಟು, ಬಿಳಿಹೋರಿ, ಮೂಕವ್ವ. "ಸೋಮಾರಿ ಇವತ್ತೂ ಬಂದಿಲ್ರೀ!" ಎಂದು ಅವನು ಕೂಗಿದರೆ ಕೆಳಗೆ ರೊಟ್ಟಿ ಬಡಿಯುವವರೆಲ್ಲ ನಗುತ್ತಾರೆ. ಸೋಮಾರಿ ಅನ್ನುವ ಆ ಮೋಡ ವರ್ಷಕ್ಕೆ ನಾಲ್ಕೇ ಸಲ ಬರುತ್ತದೆ, ಬಂದರೆ ಕಾಲುವೆಗಳು ತುಂಬಿ ಹರಿಯುತ್ತವೆ.

ನಿಮ್ಮಲ್ಲಿ ದೊಡ್ಡ ಅಧಿಕಾರಿಗಳಿಗೆ ಸಿಇಒ, ಸಿಒಒ ಎಂಬ ಮೂರು ಮೂರು ಅಕ್ಷರದ ಬಿರುದುಗಳಿದ್ದವಂತೆ. ನಾವು 'ಹೊಣೆ' ಅನ್ನುತ್ತೇವೆ. ಎಲ್ಲರ ಮೇಲಿನವಳು ಹಿರಿಹೊಣೆ. ಬಲೆ ನೋಡಿಕೊಳ್ಳುವವನು ಬಲೆಹೊಣೆ, ನೀರು ಹಂಚುವವಳು ಹರಿವುಹೊಣೆ. ಹೀಗೆ ಒಟ್ಟು ಏಳು. ಇವರಿಗೆ ಕೋಣೆಗಳಿಲ್ಲ. ಸಭೆಯೆಂದರೆ ಬಲೆಯ ಕೆಳಗೆ ಕೂಡಿ ನಡೆಯುವುದು. ಮಾತು ಉದ್ದವಾದರೆ ಬಟ್ಟೆ ತೊಯ್ಯುತ್ತದೆ. ಹಾಗಾಗಿ ನಮ್ಮ ಸಭೆಗಳು ಬೇಗ ಮುಗಿಯುತ್ತವೆ.

ಹೊಣೆ ಹೊರುವ ದಿನ ಒಂದು ಪದ್ಧತಿಯಿದೆ. ಅದಕ್ಕೆ 'ಒಂದುಸಿರು' ಎಂದು ಹೆಸರು. ಎಲ್ಲ ಆಳುಗಳ ಎದುರು ಅಗಸಿಯಲ್ಲಿ, ಅಂದರೆ ದೊಡ್ಡ ಬಾಗಿಲಲ್ಲಿ ನಿಂತು, ತನ್ನ ಹೊಣೆ ಏನೆಂಬುದನ್ನು ಒಂದೇ ಉಸಿರಿನಲ್ಲಿ ಹೇಳಬೇಕು. ಹೇಳಿದ್ದಷ್ಟೂ ನಿನ್ನದು. ಉಸಿರು ಮುಗಿದ ಮೇಲೆ ಉಳಿದದ್ದು ಬೇರೆಯವರದು. ಒಬ್ಬರ ಎದೆಯಲ್ಲಿ ಹಿಡಿಯದಷ್ಟು ಅಧಿಕಾರ ಒಬ್ಬರ ಕೈಗೆ ಹೋಗಬಾರದೆಂದು ಹಿರಿಯರು ಮಾಡಿದ ಜಾಣ ಏರ್ಪಾಡು ಅದು. ನನ್ನ ಕಾಲದ ಬಲೆಹೊಣೆ ಫಕೀರಪ್ಪ ಶಹನಾಯಿ ಊದುವವರ ಮನೆತನದವನು. ಅವನು ಹೇಳಲು ನಿಂತಾಗ ಉಸಿರು ಮುಗಿಯಲೇ ಇಲ್ಲ. ಬಲೆ, ಕಂಬ, ಹಗ್ಗ, ಏಣಿ, ಏಣಿ ಹತ್ತುವವರ ಚಪ್ಪಲಿ, ಎಲ್ಲವೂ ಅವನ ಪಾಲಿಗೇ ಬಂದವು. ಜನ ಸಿಳ್ಳೆ ಹೊಡೆದರು. ಹಿರಿಹೊಣೆಯಾಗಿ ನಾನು ಹೇಳಿದ್ದು ಚಿಕ್ಕದು: "ಆರೂ ಹೊಣೆ ಒಂದೇ ದಿಕ್ಕಿಗೆ ನಡೆಯಲಿ, ಇವತ್ತಿಗಿಂತ ನಾಳೆ ಕಂಪನಿ ಬೆಳೆಯಲಿ." ಚೆನ್ನಾಗಿ ಹೇಳಿದೆನೆಂದು ನನಗೇ ಹೆಮ್ಮೆಯಾಗಿತ್ತು.

ಆ ಪದ್ಧತಿಯಲ್ಲಿ ಒಂದು ಬಿರುಕಿತ್ತು. ನಲವತ್ತು ವರ್ಷದ ಹಿಂದೆ, ಮೋಡ ಹೇರಳವಾಗಿ ಬಂದ ವರ್ಷ, ಫಕೀರಪ್ಪ ಬಲೆಗಳನ್ನು ಮೂರು ಮೊಳ ಎತ್ತರಿಸಿದ. ನೀರು ದುಪ್ಪಟ್ಟಾಯಿತು. ಹರಿವುಹೊಣೆಯವಳು ಹೊಸ ಕಾಲುವೆ ತೋಡಿಸಿ ಹಂಚಿದಳು. ಎಲ್ಲರೂ ತಮ್ಮ ತಮ್ಮ ಉಸಿರಿಗೆ ನಿಷ್ಠರಾಗಿದ್ದೆವು. ಗುಡ್ಡದ ಮೂಡಣ ಇಳಿಜಾರಿನಲ್ಲಿ ಕಂಬಳಿಹಾಳ ಅಂತ ಕುರಿಗಾರರ ಊರೊಂದಿತ್ತು. ಅವರಿಗೆ ಕಾಲುವೆಯಿಲ್ಲ, ಬೇಕೆಂದೂ ಕೇಳಿದವರಲ್ಲ. ಸಂಜೆ ಪೊದೆಗಳ ಮೇಲೆ ಕಂಬಳಿ ಹರವುವುದು, ಬೆಳಗ್ಗೆ ಇಬ್ಬನಿಯಲ್ಲಿ ತೊಯ್ದ ಕಂಬಳಿಯನ್ನು ಕೊಡಕ್ಕೆ ಹಿಂಡುವುದು, ಅಷ್ಟೇ ಅವರ ಬದುಕು. ನಮ್ಮ ಬಲೆ ಮೂರು ಮೊಳ ಏರಿದ್ದೇ ತಡ, ಗುಡ್ಡ ದಾಟಿ ಒಂದು ಹನಿಯೂ ಹೋಗಲಿಲ್ಲ.

ಆ ಊರಿನ ಮುದುಕಿಯೊಬ್ಬಳು ಕಂಬಳಿ ಹೊತ್ತು ನಡೆದು ಬಂದಳು. ಮೊದಲು ಫಕೀರಪ್ಪನನ್ನು ಕಂಡಳು. "ನನ್ನ ಉಸುರಿನಾಗ ಬಲೆ ಏರ್ಸೂದೈತವ್ವಾ, ಇಳ್ಸೂದಿಲ್ಲ," ಎಂದ ಅವನು. ಕೆಟ್ಟವನಲ್ಲ, ಇದ್ದದ್ದನ್ನು ಹೇಳಿದ. "ಬಂದ ನೀರು ಹಂಚಾಕಿ ನಾನು, ಎಲ್ಲಿಂದ ಬಂತು ಅಂತ ಕೇಳಾಕಿ ಅಲ್ಲ," ಎಂದಳು ಹರಿವುಹೊಣೆ. ಹೀಗೆ ಆರು ಜನರನ್ನು ದಾಟಿ ನನ್ನಲ್ಲಿಗೆ ಬಂದಳು. ನನ್ನ ಉಸಿರಿನಲ್ಲಿಯೂ ಬೆಳೆಸುವುದಿತ್ತೇ ಹೊರತು ನಿಲ್ಲಿಸುವುದಿರಲಿಲ್ಲ. "ಪರಿಶೀಲಿಸುತ್ತೇವೆ," ಎಂದೆ.

"ಅದನ್ನ ಕುಡ್ಯಾಕ ಬರ್ತೈತೇನ್ರೀ?" ಎಂದು ಕೇಳಿದಳು. ಕಂಬಳಿಯನ್ನು ನನ್ನ ಮುಂದೆ ಹಿಡಿದಳು. "ತಗೋರಿ, ಹಿಂಡ್ರಿ. ನೀವು ಹಿರೇರು, ನಿಮ್ಮ ಕೈಯಾಗ ಬಲ ಜಾಸ್ತಿ ಇರ್ತೈತಿ."

ನಾನು ಹಿಂಡಿದೆ ತಾಯಿ. ಎಲ್ಲರೆದುರು, ಎರಡೂ ಕೈಯಿಂದ ಹಿಂಡಿದೆ. ಉದುರಿದ್ದು ದೂಳು.

ಏಳು ಜನರ ಒಪ್ಪಿಗೆ ಕೂಡಿಸಿ ಬಲೆ ಇಳಿಸುವಷ್ಟರಲ್ಲಿ ಹತ್ತೊಂಬತ್ತು ದಿನ ಹಿಡಿಯಿತು. ಇಪ್ಪತ್ತನೆಯ ದಿನ ಕಂಬಳಿಹಾಳಕ್ಕೆ ಓಡಿದೆ. ಬಾಗಿಲುಗಳು ತೆರೆದೇ ಇದ್ದವು, ಒಲೆಯ ಬೂದಿ ತಣ್ಣಗಿತ್ತು. ಕುರಿ ಹೊಡೆದುಕೊಂಡು ಮೂಡಣಕ್ಕೆ ಹೋದವರು ಈವರೆಗೆ ತಿರುಗಿ ಬಂದಿಲ್ಲ. ಮುದುಕಿ ತನ್ನ ಕಂಬಳಿಯನ್ನು ಬೇಕೆಂದೇ ನಮ್ಮ ಅಗಸಿಗೆ ತೂಗುಹಾಕಿ ಹೋಗಿದ್ದಳು.

ಆ ದಿನಗಳಲ್ಲೇ ನಿನ್ನ ಪಟ ತೆಗೆದು ನೋಡಿದ್ದು. ನೀನು ಕಂಪನಿಯ ಮೇಲಧಿಕಾರಿಯಾದ ಮೊದಲ ಸೋಮವಾರ ಒಂದು ಹಾಳೆಯ ಮೇಲೆ ಚೌಕಗಳನ್ನು ಎಳೆದು, ಯಾರು ಯಾವುದಕ್ಕೆ ಹೊಣೆ ಎಂದು ಬರೆದೆಯಲ್ಲ, ಅದನ್ನು ನಾವು ಮೂಲಪಟ ಅನ್ನುತ್ತೇವೆ. ನಮ್ಮ ಮನೆಯಲ್ಲೇ ಬಟ್ಟೆಯಲ್ಲಿ ಸುತ್ತಿ ಕಾಪಾಡಿದ್ದೇವೆ. ಅದರಲ್ಲಿ ಏಳು ಚೌಕ, ಶಾಯಿಯಲ್ಲಿ. ಕಂಪನಿಯ ಏಳು ಹೊಣೆಗಳು ಹುಟ್ಟಿದ್ದೇ ಅಲ್ಲಿಂದ. ಅಂದು ಬೆಳಗ್ಗೆ ಎಳೆಬಿಸಿಲು ಓರೆಯಾಗಿ ಬೀಳುವಲ್ಲಿ ಹಾಳೆ ಹಿಡಿದಿದ್ದೆ. ಬಲಗಡೆಯ ಕೆಳಮೂಲೆಯಲ್ಲಿ ಎಂಟನೆಯದೊಂದು ಚೌಕ ಕಂಡಿತು. ಪೆನ್ಸಿಲ್ಲಿನಲ್ಲಿ ಎಳೆದು ಅಳಿಸಿದ್ದು. ಒಳಗೆ ಅಳಿಸಿದ ಅಕ್ಷರಗಳ ತಗ್ಗು. ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದೆ: "ನಿಲ್ಲಿಸುವವರು."

ನಿನಗದು ಹೇಗೆ ಹೊಳೆಯಿತೋ, ಯಾಕೆ ಅಳಿಸಿದೆಯೋ ಗೊತ್ತಿಲ್ಲ. ಸಭೆಯಲ್ಲಿ ಯಾರಾದರೂ ನಕ್ಕರೋ, ನಿನಗೇ ಅತಿಯಾಯಿತು ಅನ್ನಿಸಿತೋ. ನಾನಂತೂ ಆ ದಿನವೇ ಹಿರಿಹೊಣೆ ಬಿಟ್ಟುಕೊಟ್ಟೆ. ಬಿಡುವ ಮುನ್ನ ಕೊನೆಯ ಆಜ್ಞೆ ಬರೆದು ಎಂಟನೆಯ ಹೊಣೆಯೊಂದನ್ನು ಮಾಡಿದೆ, ನಿಲುಹೊಣೆ ಎಂದು ಹೆಸರಿಟ್ಟು ಅದರಲ್ಲಿ ನಾನೇ ಕೂತೆ. ಇದರ ಉಸಿರು ಎಲ್ಲಕ್ಕಿಂತ ಚಿಕ್ಕದು: "ಸಾಕು ಅನ್ನುತ್ತೇನೆ." ಮೂಡಣ ಅಗಸಿಯಲ್ಲಿ ಕೂರುವುದು, ಆಳುಗಳ ಜೊತೆ ರೊಟ್ಟಿ ತಿನ್ನುತ್ತ ಅವರ ಮಾತು ಕೇಳುವುದು, ಸಂಜೆ ಆ ಮುದುಕಿಯ ಕಂಬಳಿಯನ್ನು ಇಳಿಜಾರಿನಲ್ಲಿ ಹರವಿ ಬೆಳಗ್ಗೆ ಹಿಂಡಿ ನೋಡುವುದು. ಹನಿ ಬಿದ್ದರೆ ಸುಮ್ಮನಿರುತ್ತೇನೆ, ಬೀಳದಿದ್ದರೆ ಗಂಟೆ ಬಾರಿಸುತ್ತೇನೆ. ಗಂಟೆಯಾದರೆ ಬಲೆ ಇಳಿಯಲೇಬೇಕು, ಕಾರಣ ಆಮೇಲೆ. ನಲವತ್ತು ವರ್ಷದಲ್ಲಿ ಹನ್ನೊಂದು ಸಲ ಬಾರಿಸಿದ್ದೇನೆ. ಉಳಿದ ದಿನವೆಲ್ಲ ನಾನು ಮಾಡಿದ್ದು ಕಣ್ಣಿಗೆ ಕಾಣುವಂಥದ್ದಲ್ಲ.

ನಾಳೆ ನಾನು ನಿಲುಹೊಣೆ ಬಿಟ್ಟು ಏಳುತ್ತೇನೆ, ಮಂಡಿ ಕೇಳುತ್ತಿಲ್ಲ. ನನ್ನ ಜೊತೆಗೇ ಈ ಆಸನವನ್ನೂ ಎತ್ತಿಬಿಡೋಣವೆಂದು ಕಂಪನಿಯ ಕಟ್ಟಳೆ ನೋಡಿಕೊಳ್ಳುವ ಪಂಚರು ಅನ್ನುತ್ತಿದ್ದಾರೆ. "ಸುಮ್ನ ಕೂಡೂ ಹುದ್ದೆ, ಹಾಲವ್ವನ ಮಾರಿ ನೋಡಿ ಇಟ್ಕೊಂಡಿದ್ವಿ," ಎಂಬುದು ಅವರ ಮಾತು. ಒಬ್ಬಳ ಆಜ್ಞೆಯಿಂದ ಹುಟ್ಟಿದ ಹುದ್ದೆಯನ್ನು ಅವರು ತೆಗೆಯಬಹುದು. ಮೂಲಪಟದಲ್ಲಿ ಇರುವುದನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಅದು ಕಂಪನಿಯ ಮೊದಲ ಕಟ್ಟಳೆ. ನಾಳೆ ಬಿಸಿಲು ಮೂಡುವಾಗ ಅವರು ಬಂದು ಪಟ ನೋಡುತ್ತಾರೆ. ಅಳಿಸಿದ್ದಾದರೂ ಸರಿ, ಎಂಟನೆಯ ಚೌಕ ಕಣ್ಣಿಗೆ ಕಂಡರೆ ಆಸನ ಉಳಿಯುತ್ತದೆ.

ಈಗ ಅದು ಕಾಣುತ್ತಿಲ್ಲ ತಾಯಿ. ನಲವತ್ತು ವರ್ಷದ ತೇವಕ್ಕೆ ಹಾಳೆ ಉಬ್ಬಿ ತಗ್ಗೆಲ್ಲ ತುಂಬಿಕೊಂಡಿದೆ. ಬೆರಳಾಡಿಸಿದರೆ ನನಗೆ ತಿಳಿಯುತ್ತದೆ. ಆದರೆ ಎಂಬತ್ತೆರಡರ ಬೆರಳನ್ನು ಯಾರು ನಂಬುತ್ತಾರೆ?

ನನ್ನ ಮೊಮ್ಮಗಳು ಮುಗಿಲಾ ನಾಳೆ ಹಿರಿಹೊಣೆಯಾಗುವವಳು. ಚಿಕ್ಕವಳಿದ್ದಾಗ ಅವಳಿಗೆ ಆ ಚೌಕ ತೋರಿಸಿದ್ದೆ. ಕಂಡಿದ್ದೆನೋ, ಕನಸಿನಲ್ಲಿ ಕಂಡಿದ್ದೆನೋ ತಿಳಿಯದು ಅನ್ನುತ್ತಾಳೆ ಈಗ. ಇವತ್ತು ರೊಟ್ಟಿ ಉಂಡು ಕೈತೊಳೆದವಳೇ ಉಡಿಯಿಂದ ಒಂದು ಪೆನ್ಸಿಲ್ ತುಂಡು ತೆಗೆದಳು, ಎಲ್ಲಿ ಹುಡುಕಿದಳೋ.

"ಆಯೀ, ನೀನ ಒಂಚೂರು ಎಳದುಬಿಡು. ಇದ್ದ ಗೆರಿ ಮ್ಯಾಲೆ ಗೆರಿ. ಸುಳ್ಳೇನಲ್ಲಲ್ಲ."

"ನಾ ಎಳದ್ರ ಅದು ನನ್ನ ಗೆರಿ ಆಗ್ತೈತಿ. ಸಾಕು ಅನ್ನೋ ಕುರ್ಚಿಗೆ ಕಳ್ಳಗೆರಿ ಹಾಕಿ ಕೂಡಸ್ತೀಯೇನು?"

"ಹಂಗಾರ ಯಾರು ಎಳೀಬೇಕು?"

"ಎಳದಾಕಿನ ಎಳೀಬೇಕು."

ಅವಳು ನಕ್ಕಳು. "ಆಕಿ ಹೋಗಿ ಎರಡನೂರಾ ಐವತ್ತು ವರ್ಷ ಆತು!"

"ಅದು ನಮ್ಮ ಕ್ಯಾಲೆಂಡರು. ಆಕೀಗೆ ಇನ್ನೂ ಸೋಮವಾರ."

ಮುಗಿಲಾ ಪೆನ್ಸಿಲನ್ನು ಬೆರಳಲ್ಲಿ ಹೊರಳಿಸಿದಳು. ಆಮೇಲೆ ಮೆಲ್ಲಗೆ ಅಂದಳು: "ನಂಗ ಅಂಜಿಕಿ ಬರ್ತೈತಿ ಆಯಿ. ನನ್ನ ತಡ್ಯಾಕ ಒಬ್ಬರೂ ಇಲ್ಲಂದ್ರ, ನಾನೂ ಒಂದಿನ ಯಾರಿಗರ ಪರಿಶೀಲಸ್ತೀವಿ ಅಂತೇನಿ."

ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಲ್ಲಿ ಹಿಂದಿನವರಿಗೆ ಕಾಗದ ಬರೆಯುವ ಒಂದು ರೂಢಿಯಿದೆ. ಬರೆದದ್ದನ್ನು ಬಲೆಗೆ ಕಟ್ಟಿ ಬಿಡುತ್ತೇವೆ. ಮಂಜು ಬಂದು ಅಕ್ಷರಗಳನ್ನು ತೊಳೆದುಕೊಂಡು ಹೋಗುತ್ತದೆ, ಮಂಜಿಗೆ ಹಿಂದು ಮುಂದೆಂಬುದಿಲ್ಲ, ಎಲ್ಲಿ ತಲುಪಿಸಬೇಕೋ ಅಲ್ಲಿ ತಲುಪಿಸುತ್ತದೆ ಅನ್ನುತ್ತಾರೆ. ನಾನು ಪೂರಾ ನಂಬುವವಳಲ್ಲ, ಪೂರಾ ಬಿಟ್ಟವಳೂ ಅಲ್ಲ. ಆ ಸೋಮವಾರ ಬೆಳಗ್ಗೆ ನಿನ್ನ ಕಿಟಕಿಯ ಗಾಜಿನ ಮೇಲೆ ಹನಿಗಳು ಅಕ್ಷರಗಳಂತೆ ಸಾಲಾಗಿ ನಿಂತದ್ದು ಕಂಡರೆ, ಇದೇ ಅಂದುಕೋ.

ಅಳಿಸಬೇಡ ಎಂದು ಕೇಳುವುದಿಲ್ಲ. ನಿನ್ನ ಮೇಜು, ನಿನ್ನ ಸಭೆ, ನಿನ್ನ ಹೊಣೆ. ಅಳಿಸುವುದಕ್ಕೆ ನಿನಗೆ ಕಾರಣ ಇದ್ದೀತು. ಶಾಯಿಯಲ್ಲಿ ಏಳು ಚೌಕ ಮುಗಿಸಿ ನೀನು ಪೆನ್ಸಿಲ್ ಎತ್ತಿಕೊಳ್ಳುವೆಯಲ್ಲ, ಆಗ ಸ್ವಲ್ಪ ಒತ್ತಿ ಎಳೆ, ಇಷ್ಟೇ ನನ್ನ ಬೇಡಿಕೆ. ರಬ್ಬರು ಬಣ್ಣವನ್ನು ಒಯ್ಯಲಿ, ತಗ್ಗು ಉಳಿಯಲಿ. ಒಳಗಿನ ಆ ಒಂದು ಮಾತನ್ನು ಬರೆಯುವಾಗ ಇನ್ನೂ ಸ್ವಲ್ಪ ಒತ್ತು.

ಒಂದು ವೇಳೆ ಕಾಣದಿದ್ದರೂ ಹೆದರಬೇಡ, ನಿನ್ನ ಮೇಲೆ ನನಗೆ ಮುನಿಸಿಲ್ಲ. ಆಗ ಆ ಕಂಬಳಿಯನ್ನು ಪಂಚರ ಕೈಗೇ ಕೊಡುತ್ತೇನೆ, ಹಿಂಡಿ ಅನ್ನುತ್ತೇನೆ. ಅಷ್ಟು ನನ್ನಿಂದಾಗುತ್ತದೆ.

ಈ ಕಾಗದ ಶುರುಮಾಡುವ ಮುಂಚೆ ಪಟವನ್ನು ಮಡಚಿ ಬಟ್ಟೆಯಲ್ಲಿ ಸುತ್ತಿಟ್ಟೆ. ಮುಗಿಲಾ ಎರಡು ಸಲ ಬಂದು, "ಬಿಚ್ಚಿ ನೋಡೂಣೇನು ಆಯಿ?" ಎಂದು ಕೇಳಿ ಹೋದಳು. ಬೆಳಗಾಗುವ ತನಕ ಬಿಚ್ಚುವುದಿಲ್ಲ ಎಂದಿದ್ದೇನೆ. ನೀನು ಎಳೆಯುವುದಕ್ಕೆ ಹೊತ್ತು ಬೇಕಲ್ಲ.

ನಿನ್ನ ವಂಶದ ಈ ತುದಿಯಲ್ಲಿ ಕೂತಿರುವ
ಹಾಲವ್ವ