ನಾಕಾ ಸುಟ್ಟವನ ಮಗನಿಗೆ

ನಿರ್ಣಾ,
೨೦ ಎಪ್ರಿಲ್ ೧೯೮೨

ಪ್ರೀತಿಯ ಮಚ್ಚೇಂದ್ರ,

ಕಲಬುರ್ಗಿಯ ಬಿಸಿಲಿಗೆ ನಿನ್ನ ಮೂಗಿನಿಂದ ರಕ್ತ ಬರುತ್ತಿತ್ತಲ್ಲ, ನಿಂತಿತೇ? ತನ್ನ ಅಕ್ಕ, ನಿನ್ನ ಮೌಶಿಯ ಮನೆಯಲ್ಲಿ ಅಡಗಿ ಕೂತವನಿಗೆ ಬಿಸಿಲು ಎಲ್ಲಿಂದ ತಾಗಬೇಕು ಎನ್ನುತ್ತಾಳೆ ನಿನ್ನ ಅವ್ವ. ಹಾಗೆಂದು ಮರುಗಳಿಗೆಯೇ ಕಣ್ಣೊರೆಸಿಕೊಳ್ಳುತ್ತಾಳೆ. ಸಬ್ಜಾ ಬೀಜ ನೆನೆಸಿದ ನೀರು ಕುಡಿ. ನಾವಿಲ್ಲಿ ಆರಾಮ ಇದ್ದೇವೆ, ಅಂದರೆ ಇಲ್ಲ.

ನಿನ್ನ ಕಾಗದವನ್ನು ಮೂರು ಸಲ ಓದಿ ತಲೆ ಕೆಟ್ಟುಹೋಯಿತು. 'ನೀವು ನಿಜಾಮನ ಸುಂಕದ ನಾಕಾ ಸುಟ್ಟರ ದೇಶಭಕ್ತಿ, ನಾವು ಕನ್ನಡಕ್ಕಾಗಿ ಬಸ್ಸು ಸುಟ್ಟರ ಗೂಂಡಾಗಿರಿ ಹ್ಯಾಂಗ ಆಗ್ತದ ಅಪ್ಪಾ?' ಎಂದು ಕೇಳಿದ್ದೀಯ. ಮಹಾರಾಯ, ಶಾಲೆಯಲ್ಲಿ ಕನ್ನಡವೇ ಮೊದಲ ಭಾಷೆಯಾಗಬೇಕು ಎನ್ನುವುದಕ್ಕೆ ನನ್ನ ತಕರಾರೇನೂ ಇಲ್ಲ. ಉರ್ದು ಶಾಲೆಯಲ್ಲಿ ಪೆಟ್ಟು ತಿಂದು, ಮನೆಯಲ್ಲಿ ಕದ್ದು ಕನ್ನಡ ಕಲಿತವನು ನಾನು. ಆದರೆ ಹುಮನಾಬಾದ್ ನಿಲ್ದಾಣದಲ್ಲಿ ನೀವು ಸುಟ್ಟ ಬಸ್ಸು ಏನು ತಪ್ಪು ಮಾಡಿತ್ತು? ಅದರ ಬೋರ್ಡು ಕೂಡ ಕನ್ನಡದಲ್ಲೇ ಇತ್ತಲ್ಲೋ! ನಮ್ಮೂರಿಗೆ ಬರುತ್ತಿದ್ದುದು ಅದೊಂದೇ ಬಸ್ಸು. ಈಗ ಬಸುರಿಯರೂ ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಬೇಕಾಗಿದೆ.

ಅದೂ ಹೋಗಲಿ. ನಮ್ಮ ಹೊಲದಲ್ಲಿ ದುಡಿಯುವ ಸಂಗಪ್ಪನನ್ನು ಪೊಲೀಸರು ಹಿಡಿದು ಹಾಕಿದ್ದಾರೆ. ರೇಷನ್ನಿನ ಸೀಮೆಎಣ್ಣೆ ಸಿಗದೆ, ಡಬ್ಬಿ ಹಿಡಿದುಕೊಂಡು ಅದೇ ಬಸ್ಸಿಗೆ ಕಾಯುತ್ತಿದ್ದನಂತೆ. ಡಬ್ಬಿ ತುಂಬಿದ್ದರೆ ಬಿಡುತ್ತಿದ್ದರೋ ಏನೋ, ಖಾಲಿಯಿತ್ತು. ಎಣ್ಣೆ ಸುರಿದವನು ಇವನೇ ಎಂದು ಬರೆದುಕೊಂಡರು. ಹನ್ನೊಂದು ದಿನವಾಯಿತು. ಅವನ ಹೆಂಡತಿ ಸೋನುಬಾಯಿ ದಿನಾ ಬೆಳಿಗ್ಗೆ ನಮ್ಮ ಕಟ್ಟೆಗೆ ಬಂದು ಕೂಡುತ್ತಾಳೆ. 'ನಿಮ್ಮ ಮಾತು ಸಾಹೇಬರು ಕೇಳತಾರ್ರಿ, ಒಂದ್ ಮಾತು ಹೇಳ್ರಿ' ಎನ್ನುತ್ತಾಳೆ. ಏನು ಹೇಳಲಿ? ಹಾಗಾದರೆ ಸುಟ್ಟವರು ಯಾರು ಎಂದು ಸಾಹೇಬರು ಕೇಳಿದರೆ? ಅವಳಿಗೆ ಚಹಾ ಕೊಡಿಸಿ, ಮುಖ ತಪ್ಪಿಸಿ ಒಳಗೆ ಬರುತ್ತೇನೆ. ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ತಪ್ಪು ನನ್ನದೂ ಇದೆ. ಪ್ರತಿ ಆಗಸ್ಟ್ ಹದಿನೈದಕ್ಕೆ ಶಾಲೆಯವರು ಹಾರ ಹಾಕುತ್ತಾರೆ, ನಾನು ನಾಕಾದ ಕಥೆ ಹೇಳುತ್ತೇನೆ. ನೀನು ಮುಂದಿನ ಸಾಲಿನಲ್ಲಿ ಕೂತು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡೆ. ರಜಾಕಾರರ ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ ಎಂದು ಈಗಲೂ ನಂಬುತ್ತೇನೆ. ಆದರೆ ಕಥೆಯ ಒಂದು ತುಂಡನ್ನು ಮಾತ್ರ ಯಾವತ್ತೂ ಹೇಳಿಲ್ಲ.

ಮೌಶಿಗೆ ನಮ್ಮ ನಮಸ್ಕಾರ ತಿಳಿಸು. ದೇವರು ನಿನಗೆ ಬುದ್ಧಿ, ಆಯುಷ್ಯ ಎರಡನ್ನೂ ಕೊಡಲಿ. ಬುದ್ಧಿಯನ್ನು ಮೊದಲು ಕೊಡಲಿ.

ನಿನ್ನ ಅಪ್ಪ,
ವೈಜನಾಥ

ತಾ.ಕ.: ಟಪಾಲಿನವನು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ನಮ್ಮೂರ ಗುಲಾಮ್ ರಸೂಲ್‌ನ ಕೈಗಳು ಸುಟ್ಟದ್ದು ಬೆಲ್ಲದ ಕಡಾಯಿಯಿಂದಲ್ಲ. ಅವನು ಆ ನಾಕಾದ ಜವಾನನಾಗಿದ್ದ. ಒಳಗೆ ಯಾರಿದ್ದಾರೆ ಎಂದು ನೋಡದೆ ಹೊರಗಿನಿಂದ ಚಿಲಕ ಹಾಕಿದವನು ನಾನು. ಕೂಗು ಕೇಳಿಸಿತು, ಆದರೂ ಓಡಿದೆ. ಮೂವತ್ತನಾಲ್ಕು ವರ್ಷದಿಂದ ಅವನು ಕಡಾಯಿ ಎನ್ನುತ್ತಿದ್ದಾನೆ, ನಾನು ಹಾರ ಹಾಕಿಸಿಕೊಳ್ಳುತ್ತಿದ್ದೇನೆ. ನಿನ್ನೆ ಅವನ ಮನೆಗೆ ಹೋಗಿ ಎಲ್ಲ ಹೇಳಿದೆ. 'ನನಗ ಅವತ್ತೇ ಗೊತ್ತಿತ್ತು ವೈಜನಾಥ. ನೀ ಯಾವಾಗ ಬರ್ತಿ ಅಂತ ನೋಡಾಕತ್ತಿದ್ದೆ' ಅಂದ. ನೀನು ಅಷ್ಟು ವರ್ಷ ತಗೋಬೇಡ. ಶುಕ್ರವಾರ ಹುಮನಾಬಾದ್ ಠಾಣೆಯ ಮುಂದೆ ಇರುತ್ತೇನೆ, ಇಬ್ಬರೂ ಕೂಡಿ ಒಳಗೆ ಹೋಗೋಣ. ನಾನು ತಡವಾದರೆ ಕಾಯಿ. ಬಸ್ಸಿಲ್ಲ, ನಡೆದು ಬರಬೇಕು.