ಚುಕ್ಕಾಣಿ ನನ್ನ ಕೈಗೆ ಬಂತು

ಅತ್ತೆಯವರಿಗೆ ನಮಸ್ಕಾರಗಳು.

ಈ ಬೇಸಿಗೆಯ ಕೊನೆಯ ಪ್ರವಾಸಿಗರನ್ನು ಹಾಯಿದೋಣಿಯಲ್ಲಿ ಕೂರಿಸಿಕೊಂಡು ದ್ವೀಪ ಸುತ್ತುತ್ತಿದ್ದೇವೆ. ಅಡುಗೆ, ಹಾಯಿ, ಪಾತ್ರೆ ಎಲ್ಲ ಮುಗಿಸುವ ಹೊತ್ತಿಗೆ ನನ್ನ ಮೈಯಲ್ಲಿ ಕಸುವೇ ಉಳಿಯುವುದಿಲ್ಲ. ಆದರೂ ಇದನ್ನು ನಿಮಗೆ ಬರೆಯಲೇಬೇಕು.

ನಿನ್ನೆ ಮಧ್ಯಾಹ್ನ ನಿಮ್ಮ ಮಗ ದೋಣಿಯನ್ನು ನೇರವಾಗಿ ಬಂಡೆಗಳತ್ತ ನಡೆಸಿದರು. "ರೀ, ಬಂಡೆ!" ಎಂದು ಕೂಗಿದೆ. "ಎಲ್ಲೇ? ನೆರಳು ಕಣೇ ಅದು," ಎಂದರು. ಓಡಿಹೋಗಿ ಚುಕ್ಕಾಣಿಯನ್ನು ನಾನೇ ಎಳೆದೆ. ಕೂದಲೆಳೆಯ ಅಂತರದಲ್ಲಿ ಪಾರಾದೆವು. ಅದೂ ಒಂದು ಆಟವೆಂದುಕೊಂಡು ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಇವರೂ ನಕ್ಕರು, ಮುಖ ಮಾತ್ರ ಬಿಳಿಚಿಕೊಂಡಿತ್ತು.

ಸಂಜೆ ಲಂಗರು ಹಾಕಿದ ಮೇಲೆ, "ಯಾಕೋ ಕೈ ನೋಯ್ತಿದೆ. ನಾಳೆಯಿಂದ ಚುಕ್ಕಾಣಿ ನೀನೇ ಹಿಡ್ಕೋ," ಎಂದರು. ಕಣ್ಣಿನ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಎಣ್ಣೆ ಬಿಸಿ ಮಾಡಿ, ಏನೂ ಆಗದ ಆ ಕೈಯನ್ನು ಬಹಳ ಹೊತ್ತು ತಿಕ್ಕಿದೆ.

ದೋಣಿಯನ್ನು ನಾನೇ ದಡ ಸೇರಿಸುತ್ತೇನೆ. ನೀವು ಕಣ್ಣಿನ ಡಾಕ್ಟರ ಹತ್ತಿರ ಒಂದು ದಿನ ಗೊತ್ತು ಮಾಡಿಡಿ. "ನನ್ನ ಕಣ್ಣು ತೋರಿಸ್ಬೇಕು, ಜೊತೆಗೆ ಬಾ" ಎಂದು ನೀವು ಕರೆದರೆ ಇಲ್ಲವೆನ್ನಲಾರರು. ಅವರು ಮನೆಗೆ ಬಂದಾಗ ಮಾತ್ರ, ದಯವಿಟ್ಟು, ಮೊದಲು ಕೈನೋವು ಹೇಗಿದೆ ಎಂದೇ ಕೇಳಿ.

ದೋಣಿಯಿಂದ,
ನಿಮ್ಮ ಸೊಸೆ